ರೈಫಲ್ ಬಂದು ಆರು ವರ್ಷ, ರಾತ್ರಿ ಕಣ್ಣಿಗೆ ಈಗ ಸಹಿ – ಯಾಕಿಷ್ಟು ತಡ?

ಜಾಲಹಳ್ಳಿ ಕ್ರಾಸ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. 2025ರ ಅಕ್ಟೋಬರ್‌ನಲ್ಲಿ ರಕ್ಷಣಾ ಸಚಿವಾಲಯ 659.47 ಕೋಟಿ ರೂಪಾಯಿಯ ಒಪ್ಪಂದವೊಂದಕ್ಕೆ ಸಹಿ ಹಾಕಿತು. ಅಮೆರಿಕದ ಸಿಗ್ ಸಾವರ್ ಕಂಪನಿಯ ಸಿಗ್ 716 ರೈಫಲ್ ಮೇಲೆ ಕೂರಿಸುವ ನೈಟ್ ಸೈಟ್‌ಗಳಿಗೆ, ಅಂದರೆ ಕತ್ತಲಲ್ಲಿ ಗುರಿ ತೋರಿಸುವ ದುರ್ಬೀನುಗಳಿಗೆ. ಎಂಕೆಯು, ಮೆಡ್‌ಬಿಟ್ ಅಂತ ನಮ್ಮ ದೇಶದ್ದೇ ಎರಡು ಕಂಪನಿಗಳು ಸೇರಿ ಮಾಡಿಕೊಡುತ್ತವೆ. ಬರೀ ನಕ್ಷತ್ರದ ಬೆಳಕು ಇದ್ದರೂ 500 ಮೀಟರ್‌ವರೆಗೆ ಗುರಿ ಹಿಡಿಯಬಹುದಂತೆ. ಶೇ. 51ಕ್ಕಿಂತ ಜಾಸ್ತಿ ಇಲ್ಲಿಯದೇ ಸರಕು.

ಓದಿ ಖುಷಿಯಾಯಿತು. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದೆ. ಇದೇ ರೈಫಲ್‌ಗೆ ಒಪ್ಪಂದ ಆಗಿದ್ದು 2019ರ ಫೆಬ್ರವರಿಯಲ್ಲಿ. ಒಟ್ಟು 72,400. ಮೊದಲ ಕಂತು ಅದೇ ವರ್ಷ ಡಿಸೆಂಬರ್‌ನಲ್ಲಿ ಬಂದು ಇಳಿಯಿತು. 2024ರ ಆಗಸ್ಟ್‌ನಲ್ಲಿ ಮತ್ತೆ 73,000ಕ್ಕೆ 837 ಕೋಟಿಯ ಆರ್ಡರ್. ಅಂದರೆ ಬಂದೂಕು ಕೈಗೆ ಬಂದು ಸುಮಾರು ಆರು ವರ್ಷದ ಮೇಲೆ ಅದರ ಅಳತೆಗೆ ತಕ್ಕ ರಾತ್ರಿ ಕಣ್ಣಿಗೆ ಸಹಿ ಬಿದ್ದಿದೆ. ಎತ್ತು ಕೊಂಡು ತಂದು ಆರು ವರ್ಷ ಆದ ಮೇಲೆ ನೊಗಕ್ಕೆ ಮರ ಹುಡುಕಿದ ಹಾಗಾಯಿತು.

ನಮ್ಮಪ್ಪ ಜಾಲಹಳ್ಳಿ ಬಿಇಎಲ್‌ನಲ್ಲಿ ಇದ್ದವರು. ಚಿಕ್ಕವನಿದ್ದಾಗಿಂದ ಮನೆಯಲ್ಲಿ ರೇಡಾರ್, ರೇಡಿಯೋ ಇವೇ ಮಾತು. ಆದ್ರೂ ನನಗೆ ಇದು ಅರ್ಥ ಆಗಿಲ್ಲ. ಎರಡನ್ನೂ ಒಟ್ಟಿಗೇ ಯಾಕೆ ಕೊಳ್ಳಲಿಲ್ಲ? ತಿಳಿದವರು ಹೇಳಿ. ದಯವಿಟ್ಟು ಪಕ್ಷ ರಾಜಕೀಯ ಬೇಡ.

---

ಮಂಡ್ಯ ಮೀಟರ್

ಇದರಲ್ಲಿ ಅರ್ಥ ಮಾಡ್ಕೊಳ್ಳೋಕೆ ಏನಿದೆ ಗುರು, ಎಲ್ಲಾ ಕಮಿಷನ್.

---

ಟೆಂಡರ್ ಗುಮಾಸ್ತ

ಕಮಿಷನ್ ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತೆ. ಅಸಲಿ ಕತೆ ಅದಕ್ಕಿಂತ ಬೇಸರದ್ದು. ಫೈಲ್ ಕತೆ.

ನಾನು ಇಪ್ಪತ್ತು ವರ್ಷ ಸೇನೆಗೆ ಸಾಮಾನು ಪೂರೈಸುವ ಒಂದು ಕಂಪನಿಯಲ್ಲಿ ಟೆಂಡರ್ ಕಾಗದ ಜೋಡಿಸಿದವನು. ಕಂಪನಿ ಹೆಸರು ಬೇಡ. ಆರ್ಡರ್ ಸಿಗದೆ ಹೋದ ಸಲವೇ ಜಾಸ್ತಿ, ಹಾಗಾಗಿ ದಾರಿ ಮಾತ್ರ ಚೆನ್ನಾಗಿ ಗೊತ್ತು.

ಮೊದಲು ಸೇನೆ ತನಗೆ ಏನೇನು ಬೇಕು ಅಂತ ಬರೆಯುತ್ತೆ. ಅದಕ್ಕೆ ಜಿಎಸ್‌ಕ್ಯೂಆರ್ ಅನ್ನುತ್ತಾರೆ, ಮಾತಿನಲ್ಲಿ ಬರೀ ಕ್ಯೂಆರ್. ತೂಕ ಇಷ್ಟು, ದೂರ ಇಷ್ಟು, ಇಷ್ಟು ಚಳಿಯಲ್ಲಿ ಇಷ್ಟು ಗುಂಡು ಹಾರಬೇಕು, ಹೀಗೆ. ಆಮೇಲೆ ‘ಹೌದು, ಇದು ಬೇಕು’ ಅಂತ ಮೇಲಿನ ಮಂಡಳಿ ಒಪ್ಪಬೇಕು. ಆಮೇಲೆ ಟೆಂಡರ್. ಬಂದ ಕಾಗದ ತಾಂತ್ರಿಕವಾಗಿ ಸರಿಯಿದೆಯಾ ಅಂತ ನೋಡುವುದು. ಆಮೇಲೆ ಟ್ರಯಲ್. ಬೇಸಿಗೆ ಟ್ರಯಲ್ ಮರುಭೂಮಿಯಲ್ಲಿ, ಚಳಿಗಾಲದ ಟ್ರಯಲ್ ಬೆಟ್ಟದಲ್ಲಿ. ಒಂದು ಋತು ತಪ್ಪಿತೋ, ಒಂದು ವರ್ಷ ಹೋಯಿತು. ಕೊನೆಗೆ ಪಾಸಾದವರ ದರ ತೆಗೆದು, ಕಡಿಮೆ ಹೇಳಿದವನ ಜೊತೆ ಚೌಕಾಸಿ. ಆ ಕಡಿಮೆ ದರದವನೇ ಎಲ್-1.

ಇಷ್ಟೂ ಮೆಟ್ಟಿಲು ರೈಫಲ್‌ಗೆ ಒಂದು ಸಲ, ಸೈಟ್‌ಗೆ ಇನ್ನೊಂದು ಸಲ. ಫೈಲೇ ಬೇರೆ ಬೇರೆ. 2019ರಲ್ಲಿ ರೈಫಲ್ ತಂದಿದ್ದು ಅವಸರದ ದಾರಿಯಲ್ಲಿ, ಅಂಗಡಿ ಕಪಾಟಿನಿಂದ ಎತ್ತಿಕೊಂಡ ಹಾಗೆ. ಸೈಟ್ ಹತ್ತಿದ್ದು ಮಾಮೂಲಿ ಮೆಟ್ಟಿಲು.

ಅವಸರ ಯಾಕೆ ಬಂತು ಅಂತ ಕೇಳಿದರೆ ಇನ್ನೂ ಹಿಂದೆ ಹೋಗಬೇಕು. 2011ರಲ್ಲಿ ಸೇನೆ ಒಂದು ಅದ್ಭುತ ಕ್ಯೂಆರ್ ಬರೆಯಿತು. ಒಂದೇ ರೈಫಲ್. ನಳಿಕೆ ಬದಲಿಸಿದರೆ 5.56 ಗುಂಡೂ ಹಾರಬೇಕು, 7.62×39 ಗುಂಡೂ ಹಾರಬೇಕು. ಮೊದಲ ಅಂಕಿ ಗುಂಡಿನ ದಪ್ಪ, × ಆದ ಮೇಲಿನದು ತೋಟಾ ಕವಚದ ಉದ್ದ, ಎರಡೂ ಮಿಲಿಮೀಟರ್‌ನಲ್ಲಿ. ಬೆರೆಟ್ಟಾ, ಕೋಲ್ಟ್, ಚೆಕ್ ದೇಶದ ಸಿಝಡ್, ಇಸ್ರೇಲಿನ ಐಡಬ್ಲ್ಯುಐ ಎಲ್ಲ ಬಂದರು. ನಾಲ್ಕು ವರ್ಷ ಟ್ರಯಲ್, ಟ್ರಯಲ್, ಟ್ರಯಲ್. 2015ರಲ್ಲಿ ‘ಯಾವುದೂ ನಮ್ಮ ಪಟ್ಟಿಗೆ ಹೊಂದಲಿಲ್ಲ’ ಅಂತ ರದ್ದು. ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ತಿಂದು ಬಂದ ಹಾಗೆ. ಆಮೇಲೆ ಇಛಾಪುರದ ಸರ್ಕಾರಿ ಕಾರ್ಖಾನೆಯ ಎಕ್ಸ್‌ಕ್ಯಾಲಿಬರ್ ರೈಫಲ್ ನೋಡಿದರು, ಬೇಡ ಅಂದರು. 2017ರಲ್ಲಿ ಅಲ್ಲಿಯದೇ 7.62 ಮಾದರಿಯನ್ನೂ ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಗಡಿಯಲ್ಲಿ ನಮ್ಮದೇ ಹಳೇ 5.56 ರೈಫಲ್ ಇನ್ಸಾಸ್ ಹಿಡಿದವರ ತಾಳ್ಮೆ ಮುಗಿದಿತ್ತು.

---

ಬೆಳಗಾವಿ ಹವಾಲ್ದಾರ

ಗುಮಾಸ್ತರ ಕೊನೇ ಸಾಲಿಗೆ ನನ್ನದೊಂದು ಸಲಾಂ. ತಾಳ್ಮೆ ಮುಗಿದವರಲ್ಲಿ ನಾನೂ ಒಬ್ಬ. ಈಗ ನಿವೃತ್ತಿ, ಹೊಲ ನೋಡಿಕೊಂಡು ಇದ್ದೇನೆ. ಎಲ್ಲಿದ್ದೆ, ಯಾವ ಘಟಕ ಅಂತೆಲ್ಲ ಬರೆಯೋದಿಲ್ಲ, ಕೇಳಲೂಬೇಡಿ.

ಇನ್ಸಾಸ್ ಬಗ್ಗೆ ನ್ಯಾಯವಾಗಿ ಹೇಳಬೇಕು. ಅದು ನೆಟ್ಟಗೆ ಹೊಡೆಯುವ ಬಂದೂಕು. ರೇಂಜ್ ಮೇಲೆ, ಅಂದರೆ ಗುರಿ ಅಭ್ಯಾಸದ ಮೈದಾನದಲ್ಲಿ, ಒಳ್ಳೇ ಗ್ರೂಪ್ ಕೊಡುತ್ತಿತ್ತು, ಗುಂಡುಗಳೆಲ್ಲ ಒತ್ತೊತ್ತಾಗಿ ಬೀಳುತ್ತಿದ್ದವು, ಒದೆತ ಕಡಿಮೆ. ಸಮಸ್ಯೆ ಅಂದರೆ ಅದರ ಪ್ಲಾಸ್ಟಿಕ್ ಮ್ಯಾಗಜೀನ್. ಒಳಗಿನ ಗುಂಡು ಕಾಣಲಿ ಅಂತ ಪಾರದರ್ಶಕ ಮಾಡಿದ್ದರು. ಚೆಂದ ಇತ್ತು. ಚಳಿಗೆ ಸೀಳುತ್ತಿತ್ತು. 1999ರಲ್ಲಿ ಕಾರ್ಗಿಲ್‌ನಲ್ಲೇ ಈ ದೂರು ಬಂತು. ಮೂರು ಗುಂಡಿನ ಬರ್ಸ್ಟ್‌ಗೆ ಇಟ್ಟರೆ ನಿಲ್ಲದೆ ಹೋಗುತ್ತೆ, ಕಣ್ಣಿಗೆ ಎಣ್ಣೆ ಸಿಡಿಯುತ್ತೆ ಅನ್ನುವ ದೂರುಗಳೂ ಇದ್ದವು. 2005ರಲ್ಲಿ ನೇಪಾಳದ ಸೇನೆಯೂ ಇದೇ ರೈಫಲ್ ಕೈಕೊಟ್ಟಿತು ಅಂತ ದೂರಿತು. ಆಮೇಲೆ ಕೆಲವು ಸರಿಪಡಿಸಿದರು. ಆದರೆ ಸಿಪಾಯಿಗೆ ಒಂದು ಸಲ ಬಂದೂಕಿನ ಮೇಲೆ ನಂಬಿಕೆ ಹೋದರೆ ಕಾಗದದಲ್ಲಿ ಬರೆದು ತರೋಕೆ ಆಗಲ್ಲ. ಅವಕಾಶ ಸಿಕ್ಕಾಗ ಎಕೆ ಕೇಳುತ್ತಿದ್ದೆವು.

ಈಗ ರಾತ್ರಿ ಕಣ್ಣಿನ ವಿಷಯ. ನಮ್ಮ ಕಾಲದಲ್ಲಿ ಪಿಎನ್‌ಎಸ್ ಇತ್ತು, ಪ್ಯಾಸಿವ್ ನೈಟ್ ಸೈಟ್. ಭಾರ. ಬಂದೂಕಿನ ತಲೆ ಮೇಲೆ ಕೂತರೆ ತೂಕ ಎಲ್ಲ ಮೇಲಕ್ಕೆ. ಎಲ್ಲರಿಗೂ ಇರುತ್ತಿರಲಿಲ್ಲ. ಪಾಳಿಯಲ್ಲಿ ಹೋಗುವವನಿಗೆ ಒಂದು, ಬಂದವನು ಬಿಚ್ಚಿ ಇನ್ನೊಬ್ಬನಿಗೆ ಕೊಡುವುದು. ನಿಮಗೆ ಇದರಲ್ಲಿ ಏನೂ ತಪ್ಪು ಕಾಣಲ್ಲ. ಆದರೆ ಸೈಟನ್ನು ಒಂದು ಬಂದೂಕಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಅದರ ಝೀರೋ ಹೋಯಿತು. ಸೈಟ್ ತೋರಿಸುವ ಜಾಗ ಒಂದು, ಗುಂಡು ಬೀಳುವ ಜಾಗ ಇನ್ನೊಂದು. ಮತ್ತೆ ರೇಂಜ್‌ಗೆ ಹೋಗಿ, ಗುಂಡು ಹಾರಿಸಿ, ಗ್ರೂಪ್ ನೋಡಿ ತಿರುಪು ತಿರುಗಿಸಬೇಕು. ಕಾವಲು ಚೌಕಿಯಲ್ಲಿ ರೇಂಜ್ ಎಲ್ಲಿಂದ ತರೋದು?

ನಾವು ಒಂದು ಉಪಾಯ ಮಾಡಿದ್ದೆವು. ಕ್ಯಾಂಟೀನಿನಿಂದ ಉಗುರಿಗೆ ಹಚ್ಚುವ ಬಣ್ಣ ತಂದು, ತಿರುಪು ಮತ್ತು ಚೌಕಟ್ಟು ಸೇರುವ ಕಡೆ ಒಂದು ಗೆರೆ ಎಳೆಯೋದು. ಗೆರೆ ಒಡೆದಿದ್ದರೆ ತಿರುಪು ಅಲ್ಲಾಡಿದೆ ಅಂತ ಅರ್ಥ. ಕೆಂಪು ನೇಲ್ ಪಾಲಿಶ್ ಕೊಂಡಾಗ ಕ್ಯಾಂಟೀನ್‌ನವನು ನಕ್ಕಿದ್ದು ಇನ್ನೂ ನೆನಪಿದೆ.

ಬ್ಯಾಟರಿ ಇನ್ನೊಂದು. ಎತ್ತರದಲ್ಲಿ ಚಳಿಗೆ ಬ್ಯಾಟರಿ ಬೇಗ ಸಾಯುತ್ತೆ. ಒಳಗಿನ ಅಂಗಿಯ ಜೇಬಿನಲ್ಲಿ, ಮೈಗೆ ಹತ್ತಿಸಿ ಇಟ್ಟುಕೊಳ್ಳೋದು. ಮಗುವನ್ನ ಇಟ್ಟುಕೊಂಡ ಹಾಗೆ.

---

ಲೆನ್ಸ್ ರಾಯ

ಹವಾಲ್ದಾರ್ ಸಾಹೇಬ್ರೇ, ನೇಲ್ ಪಾಲಿಶ್ ಗೆರೆಗೆ ನಾವು ಕಾರ್ಖಾನೆಯಲ್ಲಿ ದುಬಾರಿ ಹೆಸರಿಟ್ಟು ದುಬಾರಿ ಬಣ್ಣ ಹಚ್ಚುತ್ತೇವೆ. ಕೆಲಸ ಅದೇ.

ನಾನು ಬೆಂಗಳೂರಿನಲ್ಲಿ ದೃಷ್ಟಿ ಉಪಕರಣಗಳ ಕೆಲಸದಲ್ಲಿ ಇರುವವನು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ‘ನೈಟ್ ವಿಷನ್’ ಅಂದರೆ ಜನ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ.

ಅಕ್ಟೋಬರ್‌ನಲ್ಲಿ ಸಹಿ ಆಗಿದ್ದು ಇಮೇಜ್ ಇಂಟೆನ್ಸಿಫೈಯರ್. ಇರುವ ಬೆಳಕನ್ನೇ ಸಾವಿರಾರು ಪಟ್ಟು ಹೆಚ್ಚಿಸುವ ಕೊಳವೆ. ಮುಂದೆ ಒಂದು ತೆಳು ಪದರ, ಅದರ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಹೊರಬೀಳುತ್ತೆ. ಹಿಂದೆ ಒಂದು ಗಾಜಿನ ಬಿಲ್ಲೆ, ಅದರ ತುಂಬ ಕೂದಲಿಗಿಂತ ಸಣ್ಣ ಲಕ್ಷಗಟ್ಟಲೆ ತೂತು. ಎಲೆಕ್ಟ್ರಾನ್ ತೂತಿನ ಗೋಡೆಗೆ ಬಡಿದು ಬಡಿದು ಒಂದು ಹೋಗಿ ನೂರು, ಸಾವಿರ ಆಗುತ್ತೆ. ಕೊನೆಗೆ ಹೊಳೆಯುವ ತೆರೆ ಮೇಲೆ ಚಿತ್ರ. ಚಂದ್ರ ಇದ್ದರೆ ಚೆನ್ನ, ನಕ್ಷತ್ರ ಇದ್ದರೂ ನಡೆಯುತ್ತೆ. ಪೂರ್ತಿ ಕತ್ತಲೆ ಗುಹೆಯಲ್ಲಿ ಏನೂ ಕಾಣಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ ಅಲ್ವಾ?

ಥರ್ಮಲ್ ಬೇರೆ ಜಾತಿ. ಅದಕ್ಕೆ ಬೆಳಕೇ ಬೇಡ, ಮೈ ಶಾಖ ಸಾಕು. ಪೊದೆ ಹಿಂದೆ ಮನುಷ್ಯ ಕೂತಿದ್ದರೂ ಎಲೆ ಸಂದಿಯಲ್ಲಿ ಬೆಳ್ಳಗೆ ಹೊಳೆಯುತ್ತಾನೆ. ಆದರೆ ಕಿಟಕಿ ಗಾಜಿನ ಆಚೆ ಕಾಣಲ್ಲ, ಮಾಮೂಲಿ ಗಾಜು ಆ ಶಾಖದ ಕಿರಣಕ್ಕೆ ಗೋಡೆ ಇದ್ದ ಹಾಗೆ. ಅದಕ್ಕೇ ಥರ್ಮಲ್ ಲೆನ್ಸನ್ನು ಜರ್ಮೇನಿಯಂ ಎಂಬ ಲೋಹದ ಥರದ ವಸ್ತುವಿನಿಂದ ಮಾಡುತ್ತಾರೆ. ಜರ್ಮೇನಿಯಂ ಜಾಸ್ತಿ ಬರುವುದು ಚೀನಾದಿಂದ. 2023ರ ಆಗಸ್ಟ್‌ನಿಂದ ಅವರು ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದರು. ಗಡಿಯ ಆಚೆ ಇರುವವನನ್ನು ನೋಡುವ ಕಣ್ಣಿಗೆ ಬೇಕಾದ ಸರಕು ಅವನ ಉಗ್ರಾಣದಲ್ಲಿದೆ. ಇದನ್ನ ಯೋಚಿಸಿದರೆ ನಗು ಬರುತ್ತೆ, ಅಳುವೂ ಬರುತ್ತೆ.

ಈಗ ಮುಖ್ಯ ಪ್ರಶ್ನೆಗೆ. ರೈಫಲ್, ಸೈಟ್ ಎರಡೂ ಒಂದೇ ಒಪ್ಪಂದದಲ್ಲಿ ಬರಬೇಕಿತ್ತು ಅನ್ನೋದನ್ನ ನಾನು ಒಪ್ಪಲ್ಲ. ಬಂದೂಕು ಮೂವತ್ತು ವರ್ಷ ಬಾಳುವ ಕಬ್ಬಿಣ. ಎಲೆಕ್ಟ್ರಾನಿಕ್ ಸೈಟ್ ಎಂಟು ಹತ್ತು ವರ್ಷಕ್ಕೆ ಹಳೇ ಮೊಬೈಲ್ ಆಗುತ್ತೆ. ಎರಡನ್ನೂ ಒಬ್ಬನ ಕೈಗೆ ಕೊಟ್ಟರೆ ಅವನು ಹೇಳಿದ ರೇಟು. ಬೇರೆ ಬೇರೆ ಕೊಂಡಿದ್ದಕ್ಕೇ ನಮ್ಮ ದೇಶದ ಕಂಪನಿಗೆ ಬಾಗಿಲು ತೆರೆಯಿತು.

---

ಜಾಲಹಳ್ಳಿ ಕ್ರಾಸ್

> ಬೇರೆ ಬೇರೆ ಕೊಂಡಿದ್ದಕ್ಕೇ ನಮ್ಮ ದೇಶದ ಕಂಪನಿಗೆ ಬಾಗಿಲು ತೆರೆಯಿತು

ಒಳ್ಳೇ ಮಾತು ರಾಯರೇ. ಆದರೆ ಬಾಗಿಲು ತೆರೆಯೋಕೆ ಆರು ವರ್ಷನಾ? ಬೇರೆ ಒಪ್ಪಂದ ಇರಲಿ. ಬೇರೆ ಕಾಲ ಯಾಕೆ?

---

ಡಲ್ಲಾಸ್ ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ಮಾಡಿದ್ದು ಅದನ್ನೇ. ಹೊಸ ರೈಫಲ್ ಬೇಕು ಅಂತ ಶುರು ಮಾಡಿದಾಗ ರೈಫಲ್ ಒಬ್ಬರಿಂದ, ದುರ್ಬೀನು ಇನ್ನೊಬ್ಬರಿಂದ. ಆದರೆ ಒಂದೇ ಯೋಜನೆ, ಒಂದೇ ಹೊತ್ತು. ದುರ್ಬೀನಿಗೆ ವೋರ್ಟೆಕ್ಸ್ ಕಂಪನಿ ಜೊತೆ 2022ರ ಜನವರಿಯಲ್ಲಿ, ರೈಫಲ್‌ಗೆ ಸಿಗ್ ಸಾವರ್ ಜೊತೆ ಅದೇ ಏಪ್ರಿಲ್‌ನಲ್ಲಿ.

ಆ ದುರ್ಬೀನಿನ ಹೆಸರು ಎಕ್ಸ್‌ಎಂ157. ಒಂದರಿಂದ ಎಂಟು ಪಟ್ಟು ಹತ್ತಿರ ತೋರಿಸುತ್ತೆ. ಒಳಗೇ ಲೇಸರ್ ಇದೆ, ಗುಂಡಿ ಒತ್ತಿದರೆ ದೂರ ಅಳೆಯುತ್ತೆ. ಗಾಳಿಯ ಒತ್ತಡ, ಉಷ್ಣತೆ ತಾನೇ ನೋಡಿ, ಗುಂಡು ಎಷ್ಟು ಕೆಳಗೆ ಬೀಳುತ್ತೆ ಅಂತ ಲೆಕ್ಕ ಹಾಕಿ, ಎಲ್ಲಿಗೆ ಗುರಿ ಇಡಬೇಕು ಅಂತ ಕಣ್ಣ ಮುಂದೆ ಚುಕ್ಕೆ ಹಾಕಿಕೊಡುತ್ತೆ. ಬ್ಯಾಟರಿ ಹೋದರೆ ಮಾಮೂಲಿ ದುರ್ಬೀನಿನ ಹಾಗೆ ಬಳಸಬಹುದು.

ರೇಟು ಕೇಳಿ. ಹತ್ತು ವರ್ಷಕ್ಕೆ 2,50,000 ತನಕ, ಗರಿಷ್ಠ 270 ಕೋಟಿ ಡಾಲರ್. ಭಾಗಿಸಿದರೆ ಒಂದಕ್ಕೆ 10,800 ಡಾಲರ್. ಒಂಬತ್ತು ಲಕ್ಷ ರೂಪಾಯಿ ದಾಟುತ್ತೆ. ಬಿಡಿ ಭಾಗ, ರಿಪೇರಿ ಎಲ್ಲ ಸೇರಿರಬಹುದು, ಆದ್ರೂ.

ಇಷ್ಟೆಲ್ಲ ಮಾಡಿದರೂ ಜಗಳ ನಿಂತಿಲ್ಲ. ಹೊಸ ರೈಫಲ್ 6.8 ಎಂಎಂ. ಸದ್ದಡಗಿಸುವ ಕೊಳವೆ ಸೇರಿ ನಾಲ್ಕೂವರೆ ಕೆಜಿ ಹತ್ತಿರ, ದುರ್ಬೀನು ಬೇರೆ. ಮ್ಯಾಗಜೀನಿಗೆ 20 ಗುಂಡು, ಹಳೆಯದರಲ್ಲಿ 30 ಇತ್ತು. ಸಿಪಾಯಿ ಹೊರುವ ಗುಂಡು 210ರಿಂದ 140ಕ್ಕೆ ಇಳಿಯಿತು. 2025ರಲ್ಲಿ ಅವರದೇ ಸೇನೆಯ ಒಬ್ಬ ಕ್ಯಾಪ್ಟನ್ ‘ಇದು ಕಾಲಾಳು ಕೆಲಸಕ್ಕೆ ಆಗಲ್ಲ’ ಅಂತ ಬಹಿರಂಗವಾಗಿ ಟೀಕಿಸಿದರು. ಕಂಪನಿ ಅದನ್ನು ತಳ್ಳಿಹಾಕಿತು.

---

ಟೆಂಡರ್ ಗುಮಾಸ್ತ

ಒಂಬತ್ತು ಲಕ್ಷಾನಾ! ನಮ್ಮ ಲೆಕ್ಕ ಕೇಳಿ ಹಾಗಾದ್ರೆ. ರಷ್ಯಾ ವಿನ್ಯಾಸದ ಎಕೆ-203 ರೈಫಲ್ ಇಲ್ಲೇ ಮಾಡುವ ಒಪ್ಪಂದ 2021ರ ಡಿಸೆಂಬರ್‌ನಲ್ಲಿ ಆಯಿತು. 6,01,427 ರೈಫಲ್, 5,124 ಕೋಟಿ. ಒಂದಕ್ಕೆ ಸುಮಾರು 85 ಸಾವಿರ. ಸಿಗ್ 716ರ ಎರಡನೇ ಆರ್ಡರ್ ಒಂದಕ್ಕೆ 1.15 ಲಕ್ಷ ಹತ್ತಿರ. 2025ರ ಡಿಸೆಂಬರ್ ಕೊನೆಗೆ ಭಾರತ್ ಫೋರ್ಜ್ ಮತ್ತು ಪಿಎಲ್‌ಆರ್ ಕಂಪನಿಗಳ ಜೊತೆ 4.25 ಲಕ್ಷ ಕಾರ್ಬೈನ್‌ಗೆ (ಗಿಡ್ಡ ನಳಿಕೆಯ ಬಂದೂಕು) 2,770 ಕೋಟಿ, ಒಂದಕ್ಕೆ 65 ಸಾವಿರ ಚಿಲ್ಲರೆ. ಅಮೆರಿಕದ ಒಂದು ದುರ್ಬೀನಿನ ದುಡ್ಡಿಗೆ ನಮ್ಮಲ್ಲಿ ಹತ್ತು ಎಕೆ.

ಕಾರ್ಬೈನ್ ಅಂದಾಗ ನೆನಪಾಯಿತು. 2018ರಲ್ಲಿ ಅವಸರದ ದಾರಿಯಲ್ಲೇ ಯುಎಇಯ ಕ್ಯಾರಕಲ್ ಕಂಪನಿ ಎಲ್-1 ಆಗಿತ್ತು. 93,895 ಕಾರ್ಬೈನ್. ಎರಡು ವರ್ಷ ಕಾದು 2020ರಲ್ಲಿ ರದ್ದು. ಮತ್ತೆ ಮೊದಲಿನಿಂದ ಓಂ ನಾಮ ಬರೆದು ಮುಗಿದದ್ದು ಈಗ. ‘ಅವಸರದ ದಾರಿ’ ಅನ್ನುವ ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು.

---

ಕೊಡಗಿನ ಕೋವಿ

ಎಲ್ಲರೂ ಕಣ್ಣಿನ ಬಗ್ಗೆ ಮಾತಾಡುತ್ತಿದ್ದೀರಿ. ಹೊಟ್ಟೆಯ ಬಗ್ಗೆ ಯಾರೂ ಕೇಳಲಿಲ್ಲ. ಬಂದೂಕಿನ ಹೊಟ್ಟೆಗೆ ಗುಂಡು.

ನಮ್ಮ ಮನೆಯಲ್ಲಿ ಕೋವಿ ತಲೆಮಾರುಗಳಿಂದ ಇದೆ. ಕೊಡವರಿಗೆ ಪರವಾನಗಿ ವಿನಾಯಿತಿ ಇರುವುದು ಗೊತ್ತೇ ಇದೆ. ಕೈಲ್‌ಪೊಳ್ದ್ ದಿನ ಕೋವಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಹೊಡೆಯುತ್ತೇವೆ. ಚಿಕ್ಕಂದಿನಲ್ಲಿ ಅಜ್ಜ ಹೇಳುತ್ತಿದ್ದ ಮೊದಲ ಪಾಠ: ಒಂದು ಮನೆಯಲ್ಲಿ ಮೂರು ಥರ ಕೋವಿ ಇದ್ದರೆ ಅವಸರಕ್ಕೆ ಕೈಗೆ ಸಿಗೋದು ತಪ್ಪು ತೋಟಾ.

ಈಗ ಸೇನೆಯಲ್ಲಿ ಏನಿದೆ ನೋಡಿ. ಸಿಗ್‌ಗೆ 7.62×51. ಎಕೆ-203ಕ್ಕೆ 7.62×39. ಇನ್ಸಾಸ್‌ಗೂ ಹೊಸ ಕಾರ್ಬೈನ್‌ಗೂ 5.56. ಮೊದಲ ಎರಡರ ಹೆಸರು ಒಂದೇ ಥರ ಕೇಳಿಸುತ್ತೆ, ಒಂದರ ಗುಂಡು ಇನ್ನೊಂದರಲ್ಲಿ ಕೂರಲ್ಲ. ತೂಕವೂ ಬೇರೆ. 5.56 ಒಂದು ರೌಂಡ್ ಸುಮಾರು 12 ಗ್ರಾಂ. 7.62×51 ಅದರ ಎರಡರಷ್ಟು, 24–25 ಗ್ರಾಂ. ನೂರ ನಲವತ್ತು ರೌಂಡ್ ಹೊತ್ತರೆ ಒಂದೂಮುಕ್ಕಾಲು ಕೆಜಿ ಎಲ್ಲಿ, ಮೂರೂವರೆ ಕೆಜಿ ಎಲ್ಲಿ. ಬ್ರಹ್ಮಗಿರಿ ಹತ್ತುವಾಗ ನೀರಿನ ಬಾಟಲಿಯೇ ಭಾರ ಆಗುತ್ತೆ ಸ್ವಾಮಿ.

ಇನ್ಸಾಸ್ ಕಾಲದಲ್ಲಿ ಹೇಳುತ್ತಿದ್ದರು: ಗಾಯ ಮಾಡಿದರೆ ಸಾಕು, ಅವನನ್ನು ಹೊರಲು ಇನ್ನಿಬ್ಬರು ಬೇಕು, ಮೂವರು ಕಡಿಮೆಯಾದರು ಅಂತ. ಕಾಡಿನಲ್ಲಿ ಉಗ್ರಗಾಮಿ ಎದುರಾದಾಗ ಅವನ ಜೊತೆಗಾರ ಅವನನ್ನು ಹೊರಲು ನಿಲ್ಲುವುದಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಅದಕ್ಕೇ ದಪ್ಪ ಗುಂಡಿಗೆ ವಾಪಸ್. ಸುತ್ತಿ ಸುತ್ತಿ ಇನ್ಸಾಸ್‌ಗೂ ಮೊದಲು ಇದ್ದ ಎಸ್‌ಎಲ್‌ಆರ್ ರೈಫಲ್‌ನ ಗುಂಡಿಗೇ ಬಂದೆವು.

---

ಬೆಳಗಾವಿ ಹವಾಲ್ದಾರ

ಕೋವಿ ಅಣ್ಣಾವ್ರೇ, ಅಜ್ಜನ ಮಾತು ಬಂಗಾರ. ಆದರೆ ಒಂದು ತಿದ್ದುಪಡಿ. ಸಿಗ್ ಎಲ್ಲರಿಗೂ ಅಲ್ಲ. ಗಡಿಯ ಮುಂಚೂಣಿಯವರಿಗೆ, ಬೆಟ್ಟದಿಂದ ಬೆಟ್ಟಕ್ಕೆ ಹೊಡೆಯಬೇಕಾದವರಿಗೆ. ಉಳಿದವರಿಗೆ ಎಕೆ. ಕಣಿವೆ ಆಚೆ 400 ಮೀಟರ್‌ನಲ್ಲಿ ಇರುವವನಿಗೆ ಎಕೆ ಗುಂಡು ತಲುಪುವ ಹೊತ್ತಿಗೆ ಸುಸ್ತಾಗಿರುತ್ತೆ. ಮನೆ ಮನೆ ಶೋಧಕ್ಕೆ ಸಿಗ್ ಉದ್ದ, ಒದೆತವೂ ಜಾಸ್ತಿ. ಎರಡು ಕೆಲಸಕ್ಕೆ ಎರಡು ಬಂದೂಕು, ಅದು ತಪ್ಪಲ್ಲ. ಗುಂಡಿನ ಪೆಟ್ಟಿಗೆ ಅದಲು ಬದಲಾಗದಂತೆ ನೋಡೋದು ಕ್ವಾರ್ಟರ್ ಮಾಸ್ಟರ್ ತಲೆನೋವು.

ಬೆಟ್ಟದ ಮಾತು ಬಂತಲ್ಲ, ದುರ್ಬೀನಿಗೂ ಅದಕ್ಕೂ ಸಂಬಂಧ ಇದೆ. ಬಯಲಿನಲ್ಲಿ ಝೀರೋ ಮಾಡಿದ ಬಂದೂಕು ಲೇಹ್ ಕಡೆ ಹೋದರೆ ಬೇರೆ ಬಂದೂಕು. ಅಲ್ಲಿ ಗಾಳಿ ತೆಳು. ಗುಂಡಿಗೆ ತಡೆ ಕಡಿಮೆ, ದೂರದ ಗುರಿಗೆ ಮೇಲೆ ಬಡಿಯುತ್ತೆ. ಇಳಿಜಾರಿಗೆ ಹೊಡೆದರೂ ಅಷ್ಟೇ, ಏರಿಗೆ ಹೊಡೆದರೂ ಅಷ್ಟೇ, ಗುಂಡು ಮೇಲೆ ಹೋಗುತ್ತೆ. ಹೊಸ ಹುಡುಗರು ಇದನ್ನ ನಂಬುವುದೇ ಇಲ್ಲ. ‘ಏರಿಗೆ ಹೊಡೆದರೆ ಕೆಳಗೆ ಬೀಳಬೇಕಲ್ಲ ಸಾಬ್’ ಅಂತಾರೆ.

---

ಲೆನ್ಸ್ ರಾಯ

ಹವಾಲ್ದಾರರು ಹೇಳಿದ್ದಕ್ಕೆ ಲೆಕ್ಕ ಇಲ್ಲಿದೆ. ಭೂಮಿಯ ಸೆಳೆತ ಕೆಲಸ ಮಾಡುವುದು ಅಡ್ಡ ದೂರಕ್ಕೆ. 45 ಡಿಗ್ರಿ ಏರಿನಲ್ಲಿ ಗುರಿ 300 ಮೀಟರ್ ದೂರ ಇದ್ದರೆ ಅಡ್ಡ ದೂರ 212 ಮೀಟರ್ ಅಷ್ಟೇ. 212ಕ್ಕೆ ಹೊಡೆಯುವ ಹಾಗೆ ಹೊಡೆಯಬೇಕು. ಲೇಹ್ ಸುಮಾರು 3,500 ಮೀಟರ್ ಎತ್ತರ, ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 70ರ ಹತ್ತಿರ. ಅಮೆರಿಕದವರ ದುರ್ಬೀನು ಒಂಬತ್ತು ಲಕ್ಷ ತಿಂದು ಮಾಡುವ ಕೆಲಸ ಇದೇ. ನಮ್ಮ ಸುಬೇದಾರರು ಬಾಯಿಪಾಠದಲ್ಲಿ ಮಾಡುತ್ತಾರೆ.

ತಡ ಯಾಕೆ ಅನ್ನೋದಕ್ಕೆ ನನ್ನ ಕಡೆಯಿಂದ ಒಂದು ಅನುಭವ. ಹಿಂದೆ ನಾನಿದ್ದ ಒಂದು ಸಣ್ಣ ಕಂಪನಿಯ ಸೈಟು ಬೇಸಿಗೆಯ ಟ್ರಯಲ್ ಲೀಲಾಜಾಲವಾಗಿ ಪಾಸಾಯಿತು. ಚಳಿಯಲ್ಲಿ ಫೇಲ್. ಲೆನ್ಸ್ ಸರಿ, ಕೊಳವೆ ಸರಿ, ಎಲೆಕ್ಟ್ರಾನಿಕ್ಸ್ ಸರಿ. ಲೆನ್ಸನ್ನು ಹಿಡಿದಿಡುವ ಅಂಟು ಕುಗ್ಗಿತ್ತು. ಕೂದಲೆಳೆಯಷ್ಟು. ಕಣ್ಣಿಗೆ ಚಿತ್ರ ಚೆನ್ನಾಗಿಯೇ ಕಾಣುತ್ತೆ, ಆದರೆ 300 ಮೀಟರ್‌ನಲ್ಲಿ ಗುಂಡು ಗುರಿ ಬಿಟ್ಟು ಪಕ್ಕಕ್ಕೆ. ಅಂಟು ಬದಲಿಸೋಕೆ ಒಂದು ವಾರ ಸಾಕಿತ್ತು. ಮತ್ತೆ ಚಳಿಗಾಲ ಬರೋಕೆ ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ನಮ್ಮ ಮಾಲೀಕರ ಬ್ಯಾಂಕಿನ ತಾಳ್ಮೆ ಮುಗಿದಿತ್ತು.

ಸೇನೆ ಕಠಿಣವಾಗಿ ಪರೀಕ್ಷೆ ಮಾಡಿದ್ದು ತಪ್ಪು ಅಂತ ಹೇಳುತ್ತಿಲ್ಲ. ಆ ಸೈಟ್ ಹಾಗೇ ಹೋಗಿದ್ದರೆ ಹವಾಲ್ದಾರರಂಥವರು ನಮ್ಮನ್ನು ಬೈಯುತ್ತಿದ್ದರು, ಬೈಯಲೇಬೇಕು. ಆದರೆ ಇಂಥ ಸಣ್ಣ ದೋಷವನ್ನು ಚಳಿಯ ಪೆಟ್ಟಿಗೆಯಲ್ಲಿ ಇಟ್ಟು ಅಲ್ಲೇ ಮರುಪರೀಕ್ಷೆ ಮಾಡುವ ಅವಕಾಶ ಇದ್ದಿದ್ದರೆ ನಾವು ಉಳಿಯುತ್ತಿದ್ದೆವು.

---

ಮಂಡ್ಯ ಮೀಟರ್

ಸರಿ ರಾಯರೇ, ಕಮಿಷನ್ ಮಾತು ವಾಪಸ್ ತಗೊಂಡೆ. ಅರ್ಧ. ಆದ್ರೆ ಬೆಂಗಳೂರಲ್ಲೇ ಇಷ್ಟೊಂದು ಕಂಪನಿ ಇದ್ದಾಗ ರೈಫಲ್ಲನ್ನ ಅಮೆರಿಕ, ರಷ್ಯಾದಿಂದ ಯಾಕೆ ತರಬೇಕು?

---

ಲೆನ್ಸ್ ರಾಯ

ಬೆಂಗಳೂರಿನಲ್ಲಿ ಇರೋದು ನಿಜ. ಎಸ್‌ಎಸ್‌ಎಸ್ ಡಿಫೆನ್ಸ್ ರೈಫಲ್ ಮಾಡುತ್ತೆ, ಅವರ .338 ಸ್ನೈಪರ್ ರೈಫಲ್ ಹೊರದೇಶಕ್ಕೂ ಹೋಗಿದೆ. ಟಾನ್ಬೊ ಇಮೇಜಿಂಗ್ ಥರ್ಮಲ್ ಸೈಟ್ ಮಾಡುತ್ತೆ. ಬಿಇಎಲ್ ಅಂತೂ ಇದ್ದೇ ಇದೆ. ಹೈದರಾಬಾದಿನ ಒಂದು ಕಂಪನಿ ಜೊತೆ ಸೇರಿ ಪುಣೆಯ ಡಿಆರ್‌ಡಿಒ ಪ್ರಯೋಗಾಲಯದವರು 2024ರ ಜನವರಿಯಲ್ಲಿ ‘ಉಗ್ರಂ’ ಅಂತ 7.62×51 ರೈಫಲ್ ತೋರಿಸಿದರು. ನೂರು ದಿನದ ಒಳಗೆ ಮಾಡಿದ್ದು ಅಂದರು. ಆದರೆ ಹತ್ತು ರೈಫಲ್ ಚೆನ್ನಾಗಿ ಮಾಡೋದು ಒಂದು, ಹತ್ತನೆಯದರ ಹಾಗೇ ಹತ್ತು ಸಾವಿರದ ಒಂದನೆಯದೂ ಇರೋದು ಇನ್ನೊಂದು. ದೋಸೆ ಮನೆಯಲ್ಲಿ ಎಲ್ಲರೂ ಹುಯ್ಯುತ್ತಾರೆ, ಹೋಟೆಲ್ ನಡೆಸೋದು ಬೇರೆ ವಿದ್ಯೆ.

---

ಟೆಂಡರ್ ಗುಮಾಸ್ತ

ಹೋಟೆಲಿಗೆ ಗಿರಾಕಿ ಬಂದರೆ ತಾನೇ ವಿದ್ಯೆ ಬರೋದು? ಮೊದಲ ಆರ್ಡರ್ ಕೊಡೋಕೆ ‘ಹಿಂದೆ ಎಷ್ಟು ಪೂರೈಸಿದ್ದೀರಿ’ ಅಂತ ಕೇಳುತ್ತಾರೆ.

ಎಕೆ-203 ಮಾಡುವ ಅಮೇಥಿಯ ಕೊರ್ವಾ ಕಾರ್ಖಾನೆಯನ್ನೇ ನೋಡಿ. 2019ರ ಮಾರ್ಚ್‌ನಲ್ಲಿ ಉದ್ಘಾಟನೆ, ದರ ಮತ್ತು ತಂತ್ರಜ್ಞಾನದ ಹಗ್ಗಜಗ್ಗಾಟ ಮುಗಿದು ಒಪ್ಪಂದ 2021ರ ಕೊನೆಗೆ. 2024ರ ಜುಲೈ ಹೊತ್ತಿಗೆ 35,000 ರೈಫಲ್ ಕೊಟ್ಟಿದ್ದರು. ನಿಧಾನ ಅನಿಸುತ್ತೆ. ಆದರೆ ನಳಿಕೆ ಇಲ್ಲೇ ಆಗಬೇಕು, ಉಕ್ಕು ಇಲ್ಲಿಯದೇ ಆಗಬೇಕು ಅಂತ ಹಟ ಹಿಡಿದು ಕೂತರೆ ಮೊದಲ ವರ್ಷ ಹಾಗೇ. ಇದರಲ್ಲಿ ನನಗೆ ಕೋಪ ಇಲ್ಲ.

ಕೋಪ ಇರೋದು ಜಾಲಹಳ್ಳಿಯವರು ಕೇಳಿದ್ದಕ್ಕೇ. ರೈಫಲ್‌ನ ಕ್ಯೂಆರ್ ಬರೆಯುವ ದಿನವೇ ಅದೇ ಮೇಜಿನ ಮೇಲೆ ಸೈಟಿನ ಕ್ಯೂಆರ್, ಗುಂಡಿನ ಲೆಕ್ಕ, ಬಿಡಿ ಭಾಗದ ಪಟ್ಟಿ ಬರೆಯಬೇಕು. ಒಪ್ಪಂದ ನಾಲ್ಕು ಆಗಲಿ, ಕಂಪನಿ ನಾಲ್ಕು ಆಗಲಿ. 500 ಮೀಟರ್ ಹೊಡೆಯುವ ರೈಫಲ್ ಬೇಕು ಅಂತ ಬರೆದ ಕೈ, 500 ಮೀಟರ್ ನೋಡೋದು ಹೇಗೆ ಅಂತಲೂ ಬರೆಯಬೇಕು. ಬರಿಗಣ್ಣಿಗೆ ಆ ದೂರದಲ್ಲಿ ಮನುಷ್ಯ ಬೆಂಕಿಕಡ್ಡಿ ಥರ ಕಾಣುತ್ತಾನೆ. ಹಗಲಲ್ಲೇ. ಹೊಸ ನೈಟ್ ಸೈಟ್‌ನಿಂದ ರೈಫಲ್‌ನ ಪೂರ್ತಿ ದೂರ ಬಳಸಿಕೊಳ್ಳಬಹುದು, ಈಗಿರುವ ಪಿಎನ್‌ಎಸ್‌ಗಿಂತ ಬಹಳ ಸುಧಾರಣೆ ಅಂತ ಸಚಿವಾಲಯದ ಪ್ರಕಟಣೆಯೇ ಹೇಳಿದೆ. ಅಂದರೆ ಇಷ್ಟು ದಿನ ಕತ್ತಲಾದ ಮೇಲೆ ಪೂರ್ತಿ ದೂರ ಬಳಸೋಕೆ ಆಗುತ್ತಿರಲಿಲ್ಲ ಅಂತ ಅವರೇ ಒಪ್ಪಿದ ಹಾಗೆ.

---

ಜಾಲಹಳ್ಳಿ ಕ್ರಾಸ್

ಗುಮಾಸ್ತರೇ, ನಾನು ಕೇಳಬೇಕೆಂದಿದ್ದನ್ನ ನೀವು ಸರಿಯಾಗಿ ಕೇಳಿದಿರಿ. ಅಪ್ಪನಿಗೆ ಓದಿ ಹೇಳಿದೆ. ‘ರೇಡಾರ್‌ಗೂ ಹೀಗೇ ಇತ್ತು, ಆಂಟೆನಾ ಬಂದು ಕೇಬಲ್ ಬರುತ್ತಿರಲಿಲ್ಲ’ ಅಂದರು. ಮತ್ತೆ ಪೇಪರ್ ಓದೋಕೆ ಹೋದರು.

---

ಹಾವೇರಿ ಹುಡುಗ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಡಿಗ್ರಿ ಎರಡನೇ ವರ್ಷ, ಎನ್‌ಸಿಸಿಯಲ್ಲಿ ಇದ್ದೇನೆ. ಅಗ್ನಿವೀರ್‌ಗೆ ತಯಾರಿ ಮಾಡುತ್ತಿದ್ದೇನೆ. 1.6 ಕಿ.ಮೀ. ಓಟ ಸಲೀಸು, ಫೈರಿಂಗ್ ಮಾತ್ರ ಭಯ. ಕ್ಯಾಂಪಿನಲ್ಲಿ .22 ಹೊಡೆದಾಗ ಗುಂಡೆಲ್ಲ ಬಲಕ್ಕೆ ಕೆಳಗೆ ಹೋಗುತ್ತಿತ್ತು. ಇಂಥ ದುರ್ಬೀನು ಬಂದರೆ ನನ್ನಂಥವರಿಗೂ ಗುರಿ ಸುಲಭ ಆಗುತ್ತಾ?

---

ಬೆಳಗಾವಿ ಹವಾಲ್ದಾರ

ತಮ್ಮಾ, ಒಳ್ಳೇ ಪ್ರಶ್ನೆ. ಬಲಗೈಯವನು ಬಲಕ್ಕೆ ಕೆಳಗೆ ಹೊಡೆಯುತ್ತಿದ್ದರೆ ಕಣ್ಣಿನ ತಪ್ಪಲ್ಲ, ಬೆರಳಿನ ತಪ್ಪು. ಸದ್ದು ಬರುತ್ತೆ ಅಂತ ಮೊದಲೇ ಹೆದರಿ ಟ್ರಿಗರ್ ಜಗ್ಗುತ್ತಿದ್ದೀಯ. ದುರ್ಬೀನು ಗುರಿ ತೋರಿಸುತ್ತೆ, ಟ್ರಿಗರ್ ಒತ್ತುವುದು ನೀನೇ. ಎಂಟು ಪಟ್ಟು ದೊಡ್ಡದು ಮಾಡಿ ತೋರಿಸಿದರೆ ನಿನ್ನ ಕೈ ನಡುಕವೂ ಎಂಟು ಪಟ್ಟು ಕಾಣುತ್ತೆ.

ಇನ್ನೊಂದು ವಿಷಯ ದೊಡ್ಡವರಿಗೂ ಹೇಳುತ್ತೇನೆ. ಹೊಸ ಹುಡುಗರಿಗೆ ನಾಲ್ಕು ವರ್ಷದ ನೌಕರಿ. ಅದರಲ್ಲಿ ತರಬೇತಿ ಕಳೆದು, ರಜೆ ಕಳೆದು ಎಷ್ಟು ಉಳಿಯಿತು? ಸೈಟ್ ಕೋತ್‌ನಲ್ಲಿ, ಅಂದರೆ ಆಯುಧ ಇಡುವ ಕೋಣೆಯಲ್ಲಿ, ಪೆಟ್ಟಿಗೆ ಒಳಗೆ ‘ದುಬಾರಿ ಸಾಮಾನು, ಮುರಿದರೆ ವಿಚಾರಣೆ’ ಅಂತ ಕೂತರೆ ಹುಡುಗ ಯಾವಾಗ ಕಲಿಯಬೇಕು? ನನ್ನ ಕಾಲದಲ್ಲಿ ಹಾಗೆ ಬೀಗ ಹಾಕಿದ್ದನ್ನು ನೋಡಿದ್ದೇನೆ. ತಪಾಸಣೆಗೆ ಮಾತ್ರ ಹೊರಬರುತ್ತಿತ್ತು, ಹೊಳೆಯುತ್ತಿತ್ತು.

ನಿನಗೆ ಒಂದು ಮನೆಪಾಠ ಕೊಡುತ್ತೇನೆ. ನಿಮ್ಮ ಎನ್‌ಸಿಸಿಯಲ್ಲಿ ಡ್ರಿಲ್‌ಗೆ .303 ಡಿಪಿ ರೈಫಲ್ ಇರುತ್ತೆ, ಗುಂಡು ಹಾರದೇ ಇರೋದು. ಉಸ್ತಾದರ ಅನುಮತಿ ಕೇಳಿ ಮಲಗಿ ಹಿಡಿ. ಗೆಳೆಯನಿಗೆ ಹೇಳಿ ನಳಿಕೆ ತುದಿ ಮೇಲೆ ಒಂದು ರೂಪಾಯಿ ನಾಣ್ಯ ಇಡಿಸು. ಅರ್ಧ ಉಸಿರು ಬಿಟ್ಟು ನಿಲ್ಲಿಸಿ, ಟ್ರಿಗರ್ ಒತ್ತು. ನಾಣ್ಯ ಬೀಳಬಾರದು.

---

ಹಾವೇರಿ ಹುಡುಗ

ಅಣ್ಣಾ, ಇವತ್ತು ಪರೇಡ್ ಆದ ಮೇಲೆ ಮಾಡಿದೆ. ಹತ್ತು ಸಲದಲ್ಲಿ ಏಳು ಸಲ ಬಿತ್ತು. ಉಸ್ತಾದರು ನಕ್ಕರು.

---

ಬೆಳಗಾವಿ ಹವಾಲ್ದಾರ

ಮೂರು ಸಲ ನಿಂತಿತಲ್ಲ. ಭಾನುವಾರ ಮತ್ತೆ ಬರೆ.